ಹೆಸರು ಹಾಕಿ ಬರೆದ ಬೇಸಿಗೆ

ಈ ಏಪ್ರಿಲ್‌ನಲ್ಲಿ ವರ್ಜೀನಿಯಾದ ಸ್ಟರ್ಲಿಂಗ್‌ನಿಂದ ಜಾರ್ಜಿಯಾದ ಸುವಾನಿಗೆ ಹೋಗುತ್ತಿದ್ದೆವು. ದಕ್ಷಿಣ ಕ್ಯಾರೊಲಿನಾದ ಗಡಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಗುರು ಕಾರನ್ನು ಹೈವೇಯಿಂದ ಇಳಿಸಿದ. ಎಲ್ಲಿಗೆ ಎಂದು ಕೇಳಬೇಕಿರಲಿಲ್ಲ. ಕೆಂಪು ಮಣ್ಣಿನ ಏರುದಾರಿ, ಎರಡೂ ಬದಿಗೆ ಪೈನ್ ಮರಗಳು, ಕೊನೆಗೆ ಕಬ್ಬಿಣದ ಗೇಟು. ಗೇಟಿಗೆ ಸರಪಳಿ ಬಿಗಿದಿತ್ತು. ಜಾಗ ಮಾರಾಟವಾಗಿದೆ ಎಂದು ಬೋರ್ಡು. ಹಿಂದಿನ ದಿನ ಮಳೆಯಾಗಿತ್ತೇನೋ, ಬಿಸಿಲು ಏರುತ್ತಿದ್ದಂತೆ ಒದ್ದೆ ಪೈನ್ ಎಲೆಗಳ ಘಾಟು ನೆಲದಿಂದ ಎದ್ದು ಬರುತ್ತಿತ್ತು. ಆ ವಾಸನೆಯಲ್ಲಿ ಕಳೆದ ಒಂದು ಇಡೀ ಬೇಸಿಗೆ ನನಗೆ ಗೇಟಿನ ಈಚೆ ನಿಂತಲ್ಲಿಯೇ ನೆನಪಾಯಿತು.

ನಮ್ಮ ಕೆಲಸ ಏನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿಬಳಸಿ ಹೇಳುವುದನ್ನು ನಾನು ಆ ಬೇಸಿಗೆಯಲ್ಲೇ ಬಿಟ್ಟೆ. ಬಟ್ಟೆ ತೊಡದೆ ಇರಲು ಅವಕಾಶವಿರುವ ರೆಸಾರ್ಟುಗಳು, ಕ್ಯಾಂಪುಗಳು, ಕಡಲತೀರಗಳು ಈ ದೇಶದಲ್ಲಿವೆ. ಅಲ್ಲಿಗೆ ಹೋಗುವವರು ತಮ್ಮನ್ನು ನೇಚರಿಸ್ಟ್ ಎಂದು ಕರೆದುಕೊಳ್ಳುತ್ತಾರೆ. ನಾನು ಮತ್ತು ನನ್ನ ಗಂಡ ಗುರು ಅಂಥ ಜಾಗಗಳಿಗೆ ಹೋಗಿ, ಅಲ್ಲಿನವರಂತೆಯೇ ಇದ್ದು, ಇಂಗ್ಲಿಷಿನಲ್ಲಿ ಬ್ಲಾಗ್ ಬರೆಯುತ್ತೇವೆ. ಯಾವ ಜಾಗ ಸ್ವಚ್ಛ, ಎಲ್ಲಿ ನೆರಳಿದೆ, ಹೊಸಬರನ್ನು ಹೇಗೆ ನೋಡಿಕೊಳ್ಳುತ್ತಾರೆ, ಒಂಟಿ ಹೆಂಗಸು ನೆಮ್ಮದಿಯಿಂದ ಇರಬಹುದೇ ಎಂದೆಲ್ಲ. ಓದಿದವರು ನಮ್ಮ ಮೂಲಕ ರೂಮು ಬುಕ್ ಮಾಡಿದರೆ ನಮಗೊಂದು ಪಾಲು ಬರುತ್ತದೆ. ಹೊಟ್ಟೆಪಾಡು ಅದೇ. ಇಬ್ಬರಿಗೂ ಬೇರೆ ನೌಕರಿ ಇಲ್ಲ.

ಮೊದಲು ಇತ್ತು. ನಾನು ಪಕ್ಕದೂರು ಶ್ಯಾಂಟಿಲಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಗುರು ಸ್ಟರ್ಲಿಂಗ್‌ನ ಡೇಟಾ ಸೆಂಟರ್‌ನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಪೌರತ್ವ ಬಂದಿತ್ತು, ಮಕ್ಕಳಿರಲಿಲ್ಲ, ಮನೆಯ ಸಾಲ ಮುಗಿಯುತ್ತ ಬಂದಿತ್ತು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡುವಾಗ ತೊನ್ನು ಇರುವವರ ಒಂದು ಆನ್‌ಲೈನ್ ಗುಂಪಿಗೆ ಸೇರಿದೆ. ಹೌದು, ನನಗೆ ತೊನ್ನಿದೆ. ನಮ್ಮವರು ಮೆಲ್ಲಗೆ ‘ಬಿಳುಪು’ ಅನ್ನುತ್ತಾರೆ. ಹನ್ನೊಂದನೇ ವಯಸ್ಸಿನಲ್ಲಿ ಮೊಣಕಾಲಿನ ಮೇಲೆ ಅಕ್ಷತೆ ಕಾಳಿನಷ್ಟು ಶುರುವಾದದ್ದು ಈಗ ಎರಡೂ ಕೈ, ಕತ್ತು, ಬೆನ್ನು, ತೊಡೆಗಳಿಗೆಲ್ಲ ಹಬ್ಬಿದೆ. ಆ ಗುಂಪಿನಲ್ಲಿ ಒಬ್ಬಾಕೆ ಬರೆದಿದ್ದಳು: ಯಾರೂ ನಿನ್ನನ್ನು ದಿಟ್ಟಿಸದ ಜಾಗ ಬೇಕಿದ್ದರೆ ಎಲ್ಲರೂ ಬೆತ್ತಲಿರುವ ಕಡೆಗೆ ಹೋಗು.

ನಾನು ಉದ್ದ ತೋಳಿನ ರವಿಕೆ ಬಿಟ್ಟು ಬೇರೆ ಹೊಲಿಸಿಯೇ ಇರಲಿಲ್ಲ. ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಯಲ್ಲಿ ಉಷಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ನನ್ನನ್ನು ಹಿಂದಿನ ಬೀದಿಯಲ್ಲಿದ್ದ ಅಮ್ಮನ ಗೆಳತಿಯ ಮನೆಗೆ ಕಳಿಸುತ್ತಿದ್ದರು. ಅವರ ಮನೆಯ ಕಿಟಕಿಯಿಂದ ನಮ್ಮ ಮನೆಯ ಹಿತ್ತಿಲ ಬಾಗಿಲು ಕಾಣುತ್ತಿತ್ತು. ಅಮ್ಮ ಬಾಗಿಲು ತೆರೆದು ಕೈಬೀಸಿದರೆ ನಾನು ವಾಪಸು ಹೋಗಬಹುದು, ಉಳಿದಿದ್ದರೆ ಒಂದಿಷ್ಟು ಕೇಸರಿಬಾತು ತಿನ್ನಬಹುದು. ಇದನ್ನು ಯಾರೂ ಕ್ರೌರ್ಯ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಅಂಥ ನಾನು ಗುರುವಿನ ಜೊತೆ ಈ ಗೇಟಿನೊಳಗೆ ಮೊದಲ ಸಲ ಹೋದಾಗ ಕಾರಿನಿಂದ ಇಳಿಯಲು ಬಹಳ ಹೊತ್ತು ಹಿಡಿಯಿತು. ಇಳಿದ ಮೇಲೆ ಆದದ್ದು ಇಷ್ಟೇ: ಜಾಗದ ಒಡತಿ ಡಾಟ್, ಎಪ್ಪತ್ತು ದಾಟಿದ ಹೆಂಗಸು, ಮೈಮೇಲೆ ಒಂದು ಹುಲ್ಲಿನ ಹ್ಯಾಟು ಬಿಟ್ಟರೆ ಏನೂ ಇಲ್ಲದೆ ಗುಲಾಬಿ ಗಿಡಕ್ಕೆ ನೀರು ಹಾಯಿಸುತ್ತಿದ್ದಳು. ನನ್ನನ್ನು ಒಮ್ಮೆ ನೋಡಿ, “ಟವೆಲ್ ತಂದಿದೀರಾ? ಎಲ್ಲಿ ಕೂತರೂ ಟವೆಲ್ ಹಾಸಿಕೊಂಡೇ ಕೂರಬೇಕು, ಅದೊಂದೇ ದೊಡ್ಡ ನಿಯಮ” ಎಂದು ಮತ್ತೆ ಗಿಡಗಳ ಕಡೆ ತಿರುಗಿದಳು. ನಾನು ಮೂವತ್ತು ವರ್ಷ ಮುಚ್ಚಿಟ್ಟ ಚರ್ಮಕ್ಕಿಂತ ಅವಳಿಗೆ ಗುಲಾಬಿಯ ಹುಳು ಮುಖ್ಯವಾಗಿತ್ತು. ನನಗೆ ಅಳು ಬಂತು, ಆಮೇಲೆ ಹಸಿವಾಯಿತು.

ಅಲ್ಲಿಂದ ಎರಡು ವರ್ಷದೊಳಗೆ ನೌಕರಿ ಬಿಟ್ಟು ಇದೇ ಬದುಕಾಯಿತು. ಮನೆಯನ್ನು ಬಾಡಿಗೆಗೆ ಕೊಟ್ಟೆವು. ಗುರು ಫೋಟೋ ತೆಗೆಯುತ್ತಿದ್ದ, ನಾನು ಬರೆಯುತ್ತಿದ್ದೆ. ಜನ ಇದನ್ನು ಮಜಾ ಅಂದುಕೊಳ್ಳುತ್ತಾರೆ. ಅನುಮತಿ ಕೇಳದೆ ಕ್ಯಾಮೆರಾ ಹೊರಗೆ ತೆಗೆಯುವಂತಿಲ್ಲ. ಬೇರೆಯವರ ಬೆರಳೂ ಫೋಟೋದಲ್ಲಿ ಬೀಳಬಾರದೆಂದು ಗುರು ಬೆಳಕು ಮೂಡುವ ಮೊದಲೇ ಎದ್ದು ಖಾಲಿ ಈಜುಕೊಳದ ಮುಂದೆ ಕಾಯುತ್ತಿದ್ದ. ನನ್ನ ಬಿಳಿ ಭಾಗಗಳು ಬಿಸಿಲಿಗೆ ಬೇಗ ಸುಡುತ್ತವೆ, ಹಾಗಾಗಿ ನನ್ನದೆಲ್ಲ ನೆರಳಿನ ಸಂಶೋಧನೆ. ಕ್ಯಾರೊಲಿನಾದ ಉಣ್ಣಿ ಹುಳು ಎಲ್ಲೆಲ್ಲಿ ಕಚ್ಚುತ್ತದೆ ಎಂಬುದನ್ನು ಹೇಳದಿರುವುದೇ ಲೇಸು. ಬೆತ್ತಲೆಯಾಗಿ ದೋಸೆ ಹುಯ್ಯುವಾಗ ಏಪ್ರನ್ ಬೇಕು ಎನ್ನುವುದು ಒಂದೇ ಸಲಕ್ಕೆ ಕಲಿಯುವ ಪಾಠ.

ಆಗ ನಾವು ಹೆಸರು ಹಾಕುತ್ತಿರಲಿಲ್ಲ. ಒಂದು ಸುಳ್ಳು ಇಂಗ್ಲಿಷ್ ಹೆಸರಿತ್ತು. ಫೋಟೋಗಳಲ್ಲಿ ನಮ್ಮ ಬೆನ್ನು ಮಾತ್ರ, ಅದೂ ಕತ್ತಿನವರೆಗೆ. ಬೆನ್ನಿನ ಬಿಳುಪನ್ನು ಗುರು ಕಂಪ್ಯೂಟರಿನಲ್ಲಿ ಕಂದು ಮಾಡುತ್ತಿದ್ದ. ಮಾಡು ಅಂದವಳು ನಾನೇ.

ಆ ಬೇಸಿಗೆಯ ಶುರುವಿನಲ್ಲಿ ನಾವು ಫೋಟೋ ಹಾಕುತ್ತಿದ್ದ ಸೋಶಿಯಲ್ ಮೀಡಿಯಾ ಖಾತೆಯನ್ನು ಆ ಕಂಪನಿಯವರು ಮುಚ್ಚಿದರು. ಕಾರಣ ಕೇಳಿದ್ದಕ್ಕೆ ನಿಯಮ ಮುರಿದಿದ್ದೀರಿ ಎಂದು ಒಂದು ಸಾಲು ಬಂತು. ನಮ್ಮ ಓದುಗರಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತಿದ್ದರು. ಬುಕಿಂಗ್‌ಗಳು ಸೋರಿಹೋದವು. ಡಾಟ್ ತನ್ನ ಒಂದು ಪುಟ್ಟ ಕ್ಯಾಬಿನ್ನನ್ನು ನಮಗೆ ಬಿಟ್ಟುಕೊಟ್ಟು, ಬದಲಿಗೆ ಗುರು ಅವಳ ಹಳೆಯ ವಯರಿಂಗ್ ಸರಿಮಾಡಲಿ ಎಂದಳು. ಜೂನ್ ತಿಂಗಳ ಸೆಖೆ. ಮಧ್ಯಾಹ್ನವಾದರೆ ಗುಡುಗು, ಹದಿನೈದು ನಿಮಿಷ ಜೋರು ಮಳೆ, ಮತ್ತೆ ಉಗಿ. ಗುರು ಏಣಿಯ ಮೇಲೆ, ನಾನು ಪೋರ್ಚಿನಲ್ಲಿ ಲ್ಯಾಪ್‌ಟಾಪ್ ಮುಂದೆ.

“ಡೇಟಾ ಸೆಂಟರ್‌ನೋರು ಮತ್ತೆ ಕರೀತಿದಾರೆ,” ಎಂದ ಒಂದು ದಿನ, ಏಣಿ ಇಳಿಯುತ್ತಾ. “ಅಪ್ಲೈ ಮಾಡ್ಲಾ?”

“ಮಾಡು. ಆದ್ರೆ ಅದಕ್ಕೆ ಮುಂಚೆ ನಾನೊಂದು ಬರೀತೀನಿ, ಅದನ್ನ ಹಾಕೋಣ.”

“ಏನು?”

“ನನ್ನ ಹೆಸರು ಹಾಕಿ ಬರೀತೀನಿ. ಫೋಟೋನೂ ನಂದೇ. ಮುಖ ಇರ್ಲಿ, ಬಣ್ಣ ತಿದ್ದಬೇಡ.”

ಅವನು ಪೋರ್ಚಿನ ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂತ. “ಮನೆಯವ್ರು ನೋಡ್ತಾರೆ ವೀಣಾ.”

“ನೋಡ್ಲಿ. ಹೆದರ್ಕೊಂಡು ಬರೆದಿದ್ದನ್ನ ಆ ಕಂಪನಿಯೋರು ಮುಚ್ಚಿದ್ರು. ಇನ್ನೇನು ಉಳಿದಿದೆ ಮುಚ್ಚಕ್ಕೆ?”

ಮರುದಿನ ಬೆಳಿಗ್ಗೆ ಮಳೆ ನಿಂತ ಮೇಲೆ ಪೈನ್ ಮರಕ್ಕೆ ಒರಗಿ ನಿಂತೆ. ಟವೆಲ್ಲನ್ನು ಎದೆಯಿಂದ ತೊಡೆಯವರೆಗೆ ಹಿಡಿದಿದ್ದೆ. ಹೆಗಲು, ತೋಳು, ಕಾಲು, ಮುಖ ಎಲ್ಲ ಹೇಗಿದ್ದವೋ ಹಾಗೆ. ಕ್ಯಾಮೆರಾ ನೋಡಿ ನಗಲಿಲ್ಲ. ಬರಹದ ಮೊದಲ ಸಾಲು: ನನ್ನ ಹೆಸರು ವೀಣಾ, ನಾನು ಮೈಸೂರಿನವಳು, ನನಗೆ ತೊನ್ನಿದೆ. ಹಿಂದಿನ ಬೀದಿಯ ಮನೆಯ ಕಿಟಕಿಯನ್ನೂ ಬರೆದೆ. ಅಕ್ಕನ ಹೆಸರು ಹಾಕಲಿಲ್ಲ.

ಬ್ಲಾಗಿನಲ್ಲಿ ಹಾಕಿದ್ದನ್ನು ಓದಿದವರೇ ಹಂಚಿ, ಅದು ಎಲ್ಲೆಲ್ಲಿಗೋ ಹೋಯಿತು. ತೊನ್ನಿನವರು, ಸುಟ್ಟ ಗಾಯದವರು, ಶಸ್ತ್ರಚಿಕಿತ್ಸೆಯಲ್ಲಿ ಸ್ತನ ಕಳೆದುಕೊಂಡವರು ಬರೆದರು. ಬೈದವರೂ ಇದ್ದರು, ಕನ್ನಡದಲ್ಲಿ ಬೈದವರು ಹೆಚ್ಚು ರುಚಿಕಟ್ಟಾಗಿ ಬೈದಿದ್ದರು. ಓದಿದವರಲ್ಲಿ ಅನೇಕರು ಬುಕ್ ಮಾಡಿದರು. ಜುಲೈ ಮುಗಿಯುವ ಹೊತ್ತಿಗೆ ಡಾಟ್‌ಳ ಕ್ಯಾಬಿನ್ನುಗಳು ತುಂಬಿದವು. ಗುರು ಕೆಲಸಕ್ಕೆ ಅಪ್ಲೈ ಮಾಡುವ ಮಾತು ಮತ್ತೆ ಎತ್ತಲಿಲ್ಲ.

ಸ್ಟರ್ಲಿಂಗ್‌ನ ಗೆಳೆಯರೊಬ್ಬರು ಫೋನ್ ಮಾಡಿ ಸಲಹೆ ಕೊಟ್ಟರು: “ಶ್ರವಣಬೆಳಗೊಳದ ಬಗ್ಗೆ ಒಂದು ಪ್ಯಾರಾ ಸೇರಿಸಿಬಿಡಿ. ನಮ್ಮ ಕಲ್ಚರ್‌ನಲ್ಲೇ ಇದೆ ಅಂತ ಆಗತ್ತೆ, ಯಾರೂ ಮಾತಾಡಲ್ಲ.” ನಾನು ಬೇಡ ಎಂದೆ. ಬೆಟ್ಟದ ಮೇಲೆ ನಿಂತವನು ಎಲ್ಲವನ್ನೂ ಬಿಟ್ಟು ನಿಂತ. ನಾನು ಏನನ್ನೂ ಬಿಟ್ಟವಳಲ್ಲ. ನನಗೆ ಕಾಫಿ ಬೇಕು, ಎಸಿ ಬೇಕು, ತಿಂಗಳ ಕೊನೆಗೆ ದುಡ್ಡು ಬೇಕು. ಅವನ ಹಿಂದೆ ಅಡಗಿಕೊಳ್ಳುವುದು ಅವನಿಗೂ ಅವಮಾನ, ನನಗೂ.

ಆಗಸ್ಟ್ ಮೊದಲ ವಾರ ಉಷಕ್ಕ ಫೋನ್ ಮಾಡಿದಳು. ಅಕ್ಕ, ಭಾವ ಸುವಾನಿಯಲ್ಲಿದ್ದಾರೆ. ಅವರ ಮಗಳು ಶ್ರೇಯಾ ಅಮೆರಿಕದಲ್ಲೇ ಹುಟ್ಟಿದವಳು, ಆಗ ಅಟ್ಲಾಂಟಾದಲ್ಲಿ ಕೆಲಸದಲ್ಲಿದ್ದಳು. ಶ್ಯಾಂಟಿಲಿಯ ಒಂದು ಕನ್ನಡ ಕುಟುಂಬದ ಹುಡುಗನನ್ನು ಮೆಚ್ಚಿದ್ದಳು. ತಿಂಗಳ ಕೊನೆಗೆ ಸುವಾನಿಯಲ್ಲಿ ನಿಶ್ಚಿತಾರ್ಥ.

ಅಕ್ಕನ ದನಿ ಮೆಲ್ಲಗಿತ್ತು. “ನೀನು ಎಲ್ಲೆಲ್ಲಿ ಹೇಗೆ ಓಡಾಡ್ತೀಯೋ ನಾನು ಯಾವತ್ತಾದ್ರೂ ಕೇಳಿದೀನಾ? ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಹುಚ್ಚಾಟ ಅಂತ ಸುಮ್ನಿದ್ದೆ.”

“ಈಗ ಏನಾಯ್ತು?”

“ತೊನ್ನು ಅಂತ ಬರ್ದಿದೀಯ. ಹೆಸರು, ಊರು, ಮುಖ ಎಲ್ಲ ಹಾಕಿ. ಶ್ರೇಯಾ ಚಿಕ್ಕಮ್ಮ ಅಂತ ಅವ್ರಿಗೆ ಗೊತ್ತಾದ್ರೆ? ಮಕ್ಕಳಿಗೆ ಬಂದ್ರೆ ಅಂತ ಯೋಚನೆ ಮಾಡಲ್ವಾ?”

ಬೆತ್ತಲಿದ್ದದ್ದಕ್ಕೆ ಬಯ್ಯುತ್ತಾಳೆ ಎಂದು ಉತ್ತರಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅವಳಿಗೆ ಅದೊಂದು ಹುಚ್ಚಾಟ, ಅಷ್ಟೇ. ಮುಚ್ಚಬೇಕಾದ್ದು ಚರ್ಮ.

“ಮದುವೆ ಮುಗಿಯೋವರೆಗೆ ಅದನ್ನ ತೆಗಿ,” ಎಂದಳು. “ಆಮೇಲೆ ಹಾಕ್ಕೋ. ನಿಶ್ಚಿತಾರ್ಥಕ್ಕೆ ಬಾ, ಮೇಕಪ್‌ನೋಳಿಗೆ ಹೇಳಿದೀನಿ, ಕೈ, ಕತ್ತು ಎಲ್ಲ ಕವರ್ ಮಾಡ್ತಾಳಂತೆ. ಉದ್ದ ತೋಳಿನ ಬ್ಲೌಸ್ ಹಾಕ್ಕೋ.”

“ಅದನ್ನ ತೆಗೆದ್ರೆ ನಮ್ಮ ದುಡಿಮೆ ನಿಲ್ಲತ್ತೆ ಅಕ್ಕ. ನಿಲ್ಲದಿದ್ರೂ ನಾನು ತೆಗೆಯಲ್ಲ. ಮೇಕಪ್‌ನೂ ಬೇಡ.”

ಆಗ ಅವಳ ದನಿ ಬದಲಾಯಿತು. “ನಿನ್ನಿಂದ ನನ್ನ ಎರಡು ಸಂಬಂಧ ತಪ್ಪಿಹೋಯ್ತು ವೀಣಾ. ನಾನು ಒಂದು ದಿನ ನಿಂಗೆ ಹೇಳಿದೀನಾ?”

“ಇವತ್ತು ಹೇಳಿದ್ಯಲ್ಲ.”

ಅವಳು ಫೋನ್ ಇಟ್ಟಳು. ಆ ಎರಡು ಸಂಬಂಧಗಳ ವಿಷಯ ನನಗೆ ಗೊತ್ತಿರಲಿಲ್ಲ. ಹಿಂದಿನ ಬೀದಿಯ ಕಿಟಕಿಯಲ್ಲಿ ನಾನು ಕಾಯುತ್ತಿದ್ದಾಗ ನಮ್ಮ ಮನೆಯ ನಡುಮನೆಯಲ್ಲಿ ಅಕ್ಕ ಏನನ್ನು ಕೇಳಿಸಿಕೊಳ್ಳುತ್ತಿದ್ದಳೋ ನಾನು ಯೋಚಿಸಿರಲಿಲ್ಲ. ಅವಳ ಮೇಲೆ ಮರುಕ ಬಂತು. ಆದರೂ ಮರುಕಕ್ಕಾಗಿ ಮುಖ ಮುಚ್ಚಿಕೊಳ್ಳಲು ನಾನು ತಯಾರಿರಲಿಲ್ಲ.

ಗುರು ಮೆತ್ತಗೆ ಕೇಳಿದ, “ಒಂದು ತಿಂಗಳು ಹೈಡ್ ಮಾಡಿದ್ರೆ ಏನಾಗತ್ತೆ?”

“ನಾನು ಮತ್ತೆ ಹಿಂದಿನ ಬೀದಿ ಮನೆಗೆ ಹೋದಂಗಾಗತ್ತೆ.”

ಅವನು ಮತ್ತೆ ಕೇಳಲಿಲ್ಲ. ಕೇಳಿದವಳು ಶ್ರೇಯಾ. ಅವಳು ಫೋನ್ ಮಾಡಿದಾಗ ನನ್ನ ಪರ ನಿಲ್ಲುತ್ತಾಳೆಂದೇ ಅಂದುಕೊಂಡಿದ್ದೆ. ನಾನು ಎತ್ತಿ ಆಡಿಸಿದ ಹುಡುಗಿ, ನನ್ನ ಕೈಮೇಲಿನ ಬಿಳಿ ಕಲೆಗಳ ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆದು ದೇಶಗಳ ಭೂಪಟ ಬರೆಯುತ್ತಿದ್ದವಳು.

“ಚಿಕ್ಕಿ, ಐ ಲವ್ ಯು. ನೀವು ಬರೆದಿದ್ದು ಓದಿದೆ, ಇಟ್ ವಾಸ್ ಬ್ಯೂಟಿಫುಲ್. ಬಟ್ ಅದು ನನ್ನ ಡೇ. ನಿಮ್ಮ ವಿಷಯ ಆಗ್ಬಾರ್ದು, ಓಕೆ?”

ನೋವಾಯಿತು. ಅವಳು ಕೇಳಿದ್ದರಲ್ಲಿ ನ್ಯಾಯವೂ ಇತ್ತು. “ನಾನಾಗಿ ಏನೂ ಹೇಳಲ್ಲ ಪುಟ್ಟಿ. ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ. ಮೇಕಪ್ ಹಾಕ್ಕೊಳಲ್ಲ. ಈ ತರ ಬರೋದಾದ್ರೆ ಬರ್ಲಾ?”

“ಬನ್ನಿ,” ಎಂದಳು.

ಸುವಾನಿಗೆ ಹೊರಡುವ ಮುಂಚೆ ಹಸಿರು ಮೈಸೂರು ಸಿಲ್ಕ್ ಸೀರೆಗೆ ಗಿಡ್ಡ ತೋಳಿನ ರವಿಕೆ ಹೊಲಿಸಿದೆ. ಜೀವನದಲ್ಲಿ ಮೊದಲನೆಯದು. ಡಾಟ್ ನಮ್ಮನ್ನು ಬೀಳ್ಕೊಡಲು ಗೇಟಿನವರೆಗೆ ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಟ್ಟೆಯಲ್ಲಿ ನಿನ್ನ ಗುರುತೇ ಸಿಗಲಿಲ್ಲ ಎಂದಳು.

ನಿಶ್ಚಿತಾರ್ಥ ಒಂದು ಬಾಡಿಗೆ ಹಾಲ್‌ನಲ್ಲಿ. ಅಕ್ಕ ನನ್ನ ತೋಳುಗಳನ್ನು ನೋಡಿ ಮುಖ ತಿರುಗಿಸಿದಳು. ಭಾವ ಮಾತ್ರ “ಬಂದ್ರಾ, ಬನ್ನಿ, ತಿಂಡಿ ಆಯ್ತಾ” ಎಂದು ಮೂರು ಸಲ ಕೇಳಿದರು. ಉಂಗುರ ಬದಲಾಯಿತು, ಫೋಟೋಗಳಾದವು. ಒಂದಿಬ್ಬರು ನನ್ನ ಕೈ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವಾಗ ಜನ ಸಾಲದೆ ಭಾವ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಹುಡುಗನ ಅಜ್ಜಿ ಬೆಂಗಳೂರಿನಿಂದ ಬಂದಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಅವರ ಸೊಸೆ ಜಯಂತಿ, ಹುಡುಗನ ತಾಯಿ. ನಾನು ತಟ್ಟೆ ಮುಂದೆ ಹಿಡಿದೆ. ಅಜ್ಜಿ ಕುಂಕುಮ ಮುಟ್ಟಲಿಲ್ಲ.

“ಇದೇನಮ್ಮ ಕೈ?”

ಅಕ್ಕ ಎಲ್ಲಿದ್ದಳೋ, ಓಡಿಬಂದಳು. “ಅದು ಚಿಕ್ಕವಳಿದ್ದಾಗ ಬಿಸಿ ಎಣ್ಣೆ ಬಿದ್ದುಬಿಡ್ತಮ್ಮ. ಕಲೆ ಹೋಗಲೇ ಇಲ್ಲ.”

ನಾನು ತಟ್ಟೆಯನ್ನು ಹಾಗೇ ಹಿಡಿದಿದ್ದೆ. “ಎಣ್ಣೆ ಅಲ್ಲ ಅಜ್ಜಿ,” ಎಂದೆ. “ತೊನ್ನು. ಮೈಯೆಲ್ಲ ಇದೆ. ಮುಟ್ಟಿದ್ರೆ ಬರಲ್ಲ.”

ಅಕ್ಕನ ಮುಖ ಬಿಳಿಚಿತು. ಜಯಂತಿ ಸೀರೆಯ ಸೆರಗನ್ನು ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು, “ಅತ್ತೆ, ನಂಗೊತ್ತು. ಹುಡುಗಿ ಮನೆಯವ್ರ ಬಗ್ಗೆ ಮಾತು ಬಂದ ದಿನಾನೇ ಎಲ್ಲರ ಹೆಸರೂ ಸರ್ಚ್ ಮಾಡಿ ನೋಡಿದ್ದೆ. ಇವ್ರದ್ದು ಮೊದಲೇ ಬಂತು. ಪೂರ್ತಿ ಓದಿದೆ.” ಆಮೇಲೆ ನನ್ನನ್ನು ನೋಡಿದರು. “ಬಟ್ಟೆ ವಿಚಾರ ನಂಗೆ ಹಿಡಿಸ್ಲಿಲ್ಲ, ಇಲ್ಲ ಅನ್ನಲ್ಲ. ಚರ್ಮದ ವಿಚಾರದಲ್ಲಿ ನಂದೇನೂ ತಕರಾರಿಲ್ಲ.” ಕೊನೆಗೆ ಅಕ್ಕನಿಗೆ: “ಎಣ್ಣೆ ಅನ್ನೋದ್ಯಾಕೆ ಉಷಾ? ನಾವೇನು ಅಂಥವ್ರಾ?”

ಅಜ್ಜಿಯ ಕಿವಿಗೆ ಬಿದ್ದದ್ದು ಒಂದೇ ಮಾತು. “ಬಟ್ಟೆ ವಿಚಾರ ಏನೇ?”

“ಆಮೇಲೆ ಹೇಳ್ತೀನಿ ಅತ್ತೆ.”

ಇಷ್ಟಾದ ಮೇಲೆ ಆಮೇಲೆ ಎನ್ನುವುದೇನು ಎಂದು ನಾನು ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದೆ. ಬಟ್ಟೆಯಿಲ್ಲದೆ ಜನ ಇರುವ ಜಾಗಗಳಿವೆ, ನಾವು ಹೋಗಿ ಇರುತ್ತೇವೆ, ಬರೆಯುತ್ತೇವೆ, ಅದರಿಂದ ಜೀವನ ಸಾಗುತ್ತದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು.

“ಗಂಡನೂ?”

“ಹೂಂ ಅಜ್ಜಿ, ಅವ್ರೂ.”

“ಚಳಿ ಆಗಲ್ವಾ?”

“ಚಳಿಗಾಲದಲ್ಲಿ ಸ್ವೆಟರ್ ಹಾಕ್ಕೋತೀವಿ.”

“ಮತ್ತೆ ಸೊಳ್ಳೆ?”

“ಸೊಳ್ಳೆ ಕಚ್ಚತ್ತೆ.”

ಅಜ್ಜಿ ತಲೆಯಾಡಿಸಿದರು. ಒಪ್ಪಿದರೋ, ಈ ಕಾಲಕ್ಕೆ ಇನ್ನೇನು ಎಂದುಕೊಂಡರೋ ತಿಳಿಯಲಿಲ್ಲ. ಕುಂಕುಮ ತೆಗೆದುಕೊಂಡು ಹಣೆಗಿಟ್ಟುಕೊಂಡರು.

ಊಟದ ಹೊತ್ತಿಗೆ ಶ್ರೇಯಾ ಹತ್ತಿರ ಬಂದಳು. ಕಣ್ಣು ತುಂಬಿತ್ತು. “ಚಿಕ್ಕಿ, ನಾನು ಕೇಳಿದ್ದು ಒಂದೇ ಥಿಂಗ್.”

“ನಾನು ಸುಮ್ನೆ ಕುಂಕುಮ ಕೊಟ್ಕೊಂಡು ಹೋಗ್ತಿದ್ದೆ ಪುಟ್ಟಿ. ಎಣ್ಣೆ ಬಿತ್ತು ಅಂದಿದ್ದು ನಾನಲ್ಲ.”

ಅವಳು ದೂರದಲ್ಲಿ ಒಬ್ಬಳೇ ನಿಂತಿದ್ದ ತನ್ನ ತಾಯಿಯನ್ನು ನೋಡಿದಳು. ಆಮೇಲೆ ಅವಳ ಕಡೆಗೆ ಹೊರಟುಹೋದಳು. ಹಾಗೆ ಹೋದದ್ದೇ ಸರಿ ಎಂದು ಈಗಲೂ ನನಗನ್ನಿಸುತ್ತದೆ. ಆ ಹೊತ್ತಿನಲ್ಲಿ ಅಕ್ಕನಿಗೆ ಯಾರಾದರೂ ಬೇಕಿತ್ತು, ಅದು ನಾನಾಗಲು ಸಾಧ್ಯವಿರಲಿಲ್ಲ.

ವಾಪಸು ಬರುವಾಗ ಗುರು ಕೇಳಿದ, “ಹೇಗನ್ನಿಸ್ತಿದೆ?”

“ಅಕ್ಕನ ಮುಖ ಕಣ್ಮುಂದಿಂದ ಹೋಗ್ತಿಲ್ಲ,” ಎಂದೆ. “ಆದ್ರೆ ಇನ್ನೊಂದ್ಸಲ ಕೇಳಿದ್ರೂ ಅದನ್ನೇ ಹೇಳ್ತೀನಿ.”

ಅಕ್ಕ ಮಾತು ಬಿಟ್ಟಳು. ಸೆಪ್ಟೆಂಬರ್‌ನಲ್ಲಿ ಡಾಟ್‌ಳ ಪೈನ್ ಮರಗಳಿಂದ ಹಳೆಯ ಎಲೆ ಉದುರತೊಡಗಿತು, ಅತಿಥಿಗಳು ಒಬ್ಬೊಬ್ಬರೇ ಖಾಲಿಯಾದರು. ಆ ಬರಹದ ಬೆನ್ನಿಗೆ ಬೇರೆ ಬೇರೆ ಕಡೆಯ ರೆಸಾರ್ಟುಗಳು ನಮ್ಮನ್ನು ಕರೆದಿದ್ದವು, ಹೊರಟೆವು. ಪ್ರತಿ ಬರಹದ ಕೆಳಗೆ ನನ್ನ ಹೆಸರು ಹಾಕಿದೆ. ಹಬ್ಬಗಳಿಗೆ ಅಕ್ಕನಿಗೆ ಮೆಸೇಜು ಕಳಿಸುತ್ತಿದ್ದೆ; ಓದಿದ್ದಾಳೆ ಎಂದು ಕಾಣಿಸುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಬರಹವನ್ನು ತೆಗೆಯುವ ಯೋಚನೆ ಬಂದದ್ದುಂಟು. ತೆಗೆಯಲಿಲ್ಲ.

ಡಿಸೆಂಬರ್‌ನಲ್ಲಿ ಮದುವೆಯ ಕರೆ ಬಂದದ್ದು ಜಯಂತಿಯವರಿಂದ. ಹೋದೆವು. ಅದೇ ರೇಷ್ಮೆ, ಅದೇ ಗಿಡ್ಡ ತೋಳು. ಧಾರೆ ಮುಗಿದು ಜನ ಊಟದ ಕಡೆ ಸರಿಯುತ್ತಿದ್ದಾಗ ಅಕ್ಕ ಯಾರೋ ಆಂಟಿಯೊಬ್ಬರನ್ನು ಕರೆದುಕೊಂಡು ಬರುತ್ತಿದ್ದವಳು ನನ್ನೆದುರಿಗೇ ಸಿಕ್ಕಿಬಿದ್ದಳು. ದಾಟಿ ಹೋಗಲು ಜಾಗವಿರಲಿಲ್ಲ. ಆಂಟಿ ನನ್ನ ಮುಖ ನೋಡಿದರು, ಕೈ ನೋಡಿದರು.

“ಇವ್ರು?”

“ನನ್ನ ತಂಗಿ,” ಎಂದಳು ಅಕ್ಕ. “ವೀಣಾ. ಟ್ರಾವೆಲ್ ಬಗ್ಗೆ ಬರೀತಾಳೆ.”

“ಓ, ಹೌದಾ? ಯಾವ ತರ ಟ್ರಾವೆಲ್?”

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು, ಅನ್ನಕ್ಕೆ ಸಾರು ಬಡಿಸಿ ಎಂದು ಹೇಳುವ ದನಿಯಲ್ಲಿ, “ಬಟ್ಟೆ ಇಲ್ದೆ ಇರೋ ಜಾಗಗಳದ್ದು,” ಎಂದಳು. ಆಮೇಲೆ ನನ್ನ ಬರಿ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಆಂಟಿಗೆ ದಾರಿ ಮಾಡಿಕೊಟ್ಟಳು. “ಬನ್ನಿ, ಊಟಕ್ಕೆ ಕೂರೋಣ. ನೀನೂ ಬಾರೇ.”